ಇಡೀ ದೇಹವನ್ನು ನೋಡುವ ವೈದ್ಯ: ತಿರುವನಂತಪುರದಿಂದ ಉಕ್ಕಿನಡ್ಕದವರೆಗೆ

ಆಸ್ಪತ್ರೆಯ ಫಲಕದಲ್ಲಿ ‘ಜನರಲ್ ಮೆಡಿಸಿನ್’ ಎಂದೂ ಜನರ ಬಾಯಲ್ಲಿ ‘ಫಿಜಿಷಿಯನ್’ ಎಂದೂ ಹೆಸರು ಪಡೆದಿರುವ ವೈದ್ಯಶಾಖೆಯು ವಯಸ್ಕರ ಕಾಯಿಲೆಗಳನ್ನು ಶಸ್ತ್ರಚಿಕಿತ್ಸೆಯಿಲ್ಲದೆ, ಪರೀಕ್ಷೆ ಮತ್ತು ಔಷಧಗಳ ಬಲದಿಂದ ನಿಭಾಯಿಸುವ ವಿದ್ಯೆಯಾಗಿದೆ. ಮೈಮೇಲಿನ ಲಕ್ಷಣಗಳನ್ನು ಒಳಗಿನ ಅಂಗಗಳ ವಿಕಾರದೊಡನೆ ತಾಳೆ ನೋಡುವ ಈ ಕ್ರಮಕ್ಕೆ 19ನೆಯ ಶತಮಾನದ ಜರ್ಮನಿಯಲ್ಲಿ ‘ಆಂತರಿಕ ವೈದ್ಯ’ ಎಂಬ ಅರ್ಥದ ಹೆಸರು ಬಂದಿತು. 1882ರಲ್ಲಿ ವೀಸ್‌ಬಾಡೆನ್‌ನಲ್ಲಿ ಅದರದೇ ಆದ ಮೊದಲ ಸಮ್ಮೇಳನ ನಡೆಯಿತು. ವಿದ್ಯಾರ್ಥಿಯನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದ ವಿಲಿಯಂ ಆಸ್ಲರ್ 1892ರಲ್ಲಿ ಪ್ರಕಟಿಸಿದ ಗ್ರಂಥವು ಇಂಗ್ಲಿಷ್ ಬಲ್ಲ ವೈದ್ಯಲೋಕಕ್ಕೆ ದಶಕಗಳ ಕಾಲ ಪಠ್ಯವಾಯಿತು.

ಕೇರಳದಲ್ಲಿ ಈ ಪರಂಪರೆಗೆ ನೆಲೆ ಒದಗಿಸಿದ್ದು, 1951ರ ನವೆಂಬರ್ 27ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದ ತಿರುವನಂತಪುರದ ವೈದ್ಯಕೀಯ ಕಾಲೇಜು. ಕಾಲಕ್ರಮದಲ್ಲಿ ಹೃದಯ, ನರ, ಮೂತ್ರಪಿಂಡಗಳಿಗೆ ಪ್ರತ್ಯೇಕ ತಜ್ಞರು ಬಂದರು. ಅದೇ ನಗರದಲ್ಲಿ 1976ರಲ್ಲಿ ಕೆಲಸ ಆರಂಭಿಸಿದ ಶ್ರೀ ಚಿತ್ರಾ ತಿರುನಾಳ್ ಕೇಂದ್ರವು ಹೃದ್ರೋಗ ಮತ್ತು ನರರೋಗಗಳ ಚಿಕಿತ್ಸೆಯಲ್ಲಿ ರಾಷ್ಟ್ರದ ಮನ್ನಣೆ ಗಳಿಸಿತು. ಕೊಚ್ಚಿಯಲ್ಲೂ ದೊಡ್ಡ ಖಾಸಗಿ ಆಸ್ಪತ್ರೆಗಳು ಇದೇ ದಾರಿಯಲ್ಲಿ ಬೆಳೆದವು. ಇಷ್ಟು ತಜ್ಞರಿರುವಾಗ ಎಲ್ಲವನ್ನೂ ನೋಡುವ ಒಬ್ಬ ವೈದ್ಯ ಏಕೆ ಬೇಕು ಎಂಬ ಪ್ರಶ್ನೆಗೆ ಕೇರಳದ ಮಳೆಗಾಲವೇ ಉತ್ತರ ಹೇಳುತ್ತದೆ.

ಮಲಯಾಳಿಗಳು ‘ಎಲಿಪ್ಪನಿ’ ಎನ್ನುವ ಇಲಿಜ್ವರದ ಸೂಕ್ಷ್ಮಾಣುಗಳು ಇಲಿಯ ಮೂತ್ರ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ದೇಹವನ್ನು ಸೇರುತ್ತವೆ. ರೋಗ ಉಲ್ಬಣಿಸಿದಾಗ ಕಾಮಾಲೆ ಕಾಣಿಸಿಕೊಂಡು, ಮೂತ್ರ ಕಡಿಮೆಯಾಗಿ, ಕೆಲವೊಮ್ಮೆ ಶ್ವಾಸಕೋಶದಲ್ಲಿ ರಕ್ತಸ್ರಾವವೂ ಆಗುತ್ತದೆ. ಕಾಮಾಲೆಗೆ ಯಕೃತ್ತಿನ ತಜ್ಞರು, ಮೂತ್ರಕ್ಕೆ ಮೂತ್ರಪಿಂಡದ ತಜ್ಞರು, ಉಸಿರಿಗೆ ಮತ್ತೊಬ್ಬರು ಎಂದು ಹಂಚಿಹೋದರೆ ಒಂದೇ ಕಾಯಿಲೆ ಮೂರಾಗಿ ಕಾಣುವ ಅಪಾಯವಿದೆ. ಕೆಂಪಾದ ಕಣ್ಣು, ಮುಟ್ಟಿದರೆ ನೋಯುವ ಮೀನಖಂಡ, ಕೆಸರುಗದ್ದೆಯ ಕೆಲಸ ಇವನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸಿ, ಪ್ರಯೋಗಶಾಲೆಯ ವರದಿ ಬರುವ ಮುನ್ನವೇ ಔಷಧ ಆರಂಭಿಸುವ ವಿವೇಕವು ಫಿಜಿಷಿಯನ್ನರ ನಿಜವಾದ ಕಸುಬು. 2018ರ ಆಗಸ್ಟ್‌ನ ಪ್ರವಾಹದ ನಂತರ ಆಲುವಾ, ಪರವೂರು ಮೊದಲಾದ ಕಡೆ ನೀರಿನಲ್ಲಿ ನಿಂತು ದುಡಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡಬೇಕೆಂದು ಸರ್ಕಾರ ಸೂಚಿಸಿದ್ದು ಈ ರೋಗವನ್ನು ತಡೆಯುವುದಕ್ಕಾಗಿಯೇ.

2011ರ ಜನಗಣತಿಯಂತೆ ಕೇರಳದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ. 12.6ರಷ್ಟಿದ್ದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಒಟ್ಟಿಗೇ ಇರುವ ವೃದ್ಧರಿಗೆ ಹಲವು ತಜ್ಞರು ಬರೆದ ಗುಳಿಗೆಗಳಲ್ಲಿ, ನೋವಿಗೆಂದು ಕೊಟ್ಟದ್ದೇ ಮೂತ್ರಪಿಂಡಕ್ಕೆ ಮುಳುವಾಗಬಹುದು. ಆ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ಓದುವ ಹೊಣೆಯೂ ಫಿಜಿಷಿಯನ್ನರದೇ.

ಇಂಥ ವೈದ್ಯರ ಕೊರತೆಯನ್ನು ಕಾಸರಗೋಡಿನ ಕನ್ನಡಿಗರು ಬಲ್ಲರು. ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದ ಅವರಿಗೆ 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿತು. 2013ರಲ್ಲಿ ಶಂಕುಸ್ಥಾಪನೆಯಾಗಿದ್ದರೂ ಆಸ್ಪತ್ರೆಯ ಕಟ್ಟಡ ಮುಗಿಯದೆ ನಿಂತಿದ್ದ ಬದಿಯಡ್ಕ ಬಳಿಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಆ ಏಪ್ರಿಲ್‌ನಲ್ಲಿ ತಿರುವನಂತಪುರದ ಕಾಲೇಜಿನ ವೈದ್ಯರು ಮತ್ತು ದಾದಿಯರ ತಂಡವೊಂದು 500ಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿ ಬಂದು, ಇದ್ದ ಕಟ್ಟಡದಲ್ಲೇ ಕೋವಿಡ್ ವಾರ್ಡು ತೆರೆಯಿತು.