ಅಗ್ನಿಕುಂಡದೊಳಗಿನ ಹಸಿರು ಸಾಮ್ರಾಜ್ಯ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹೆಮೆಸ್ ಪರ್ವತಶ್ರೇಣಿಯ ನಡುವೆ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲು ಹಬ್ಬಿದೆ. ಅದರ ನಡುವೆ ತೊರೆಗಳು ಬಳುಕುತ್ತ ಹರಿಯುತ್ತವೆ. ಮುಸ್ಸಂಜೆಗೆ ಎಲ್ಕ್ ಹಿಂಡುಗಳು ಕಾಡಿನಂಚಿನಿಂದ ಮೇವಿಗೆ ಇಳಿಯುತ್ತವೆ. ಇಷ್ಟೊಂದು ಪ್ರಶಾಂತವಾಗಿ ಕಾಣುವ ಈ ವಾಯೆಸ್ ಕಾಲ್ಡೆರಾ ಜಗತ್ತಿನ ಪ್ರಸಿದ್ಧ ಮಹಾಜ್ವಾಲಾಮುಖಿಗಳಲ್ಲೊಂದರ ಒಡಲು!

ಸುಮಾರು 12.5 ಲಕ್ಷ ವರ್ಷಗಳ ಹಿಂದೆ ಭೂಗರ್ಭದ ಶಿಲಾಪಾಕ ಭೀಕರವಾಗಿ ಸ್ಫೋಟಿಸಿ ಹೊರಚಿಮ್ಮಿತು. ಒಳಗೆ ಬರಿದಾದ ಕೋಶದ ಮೇಲ್ಛಾವಣಿ ಕುಸಿದು, 20 ಕಿಲೋಮೀಟರಿಗೂ ಹೆಚ್ಚು ಅಗಲದ ಬೃಹತ್ ಕುಳಿ, ಅಂದರೆ ಕಾಲ್ಡೆರಾ, ರೂಪುಗೊಂಡಿತು. ಆಮೇಲೆ ಹೊಸ ಶಿಲಾಪಾಕದ ಒತ್ತಡಕ್ಕೆ ಕುಳಿಯ ನೆಲವೇ ಮೇಲೆದ್ದು, ಇಂದು 3,430 ಮೀಟರ್ ಎತ್ತರಕ್ಕೆ ನಿಂತಿರುವ ರೆಡೊಂಡೊ ಶಿಖರವಾಯಿತು. 1960ರ ದಶಕದಲ್ಲಿ ಭೂವಿಜ್ಞಾನಿಗಳಾದ ರಾಬರ್ಟ್ ಸ್ಮಿತ್ ಮತ್ತು ರಾಯ್ ಬೈಲಿ ಇಲ್ಲಿ ನಡೆಸಿದ ಅಧ್ಯಯನ, ಕುಸಿದು ಮತ್ತೆ ಉಬ್ಬುವ ಜ್ವಾಲಾಮುಖಿಗಳನ್ನು ಅರಿಯಲು ಜಗತ್ತಿಗೇ ಮಾದರಿಯಾಯಿತು. ಇಲ್ಲಿನ ಬಿಸಿನೀರಿನ ಬುಗ್ಗೆಗಳೂ ಗಂಧಕದ ಹಬೆಯೂ ನೆಲದಾಳದ ಕಾವು ಆರಿಲ್ಲವೆಂದು ಇಂದಿಗೂ ಸಾರುತ್ತಿವೆ.

ಮನುಷ್ಯನಿಗೂ ಈ ನೆಲಕ್ಕೂ ಸಹಸ್ರಾರು ವರ್ಷಗಳ ನಂಟು. ಜ್ವಾಲಾಮುಖಿ ಕೊಟ್ಟ ಕಪ್ಪು ಗಾಜಿನಂಥ ಅಬ್ಸಿಡಿಯನ್ ಶಿಲೆಯಿಂದ ಮೂಲನಿವಾಸಿಗಳು ಹರಿತವಾದ ಆಯುಧಗಳನ್ನು ರೂಪಿಸಿಕೊಂಡರು. ಹೆಮೆಸ್ ಪ್ಯೂಬ್ಲೊ ಜನರಿಗೆ ರೆಡೊಂಡೊ ಶಿಖರ ಇಂದಿಗೂ ಪವಿತ್ರ. ಆದರೆ 1860ರಲ್ಲಿ ಕಾಲ್ಡೆರಾದ ಬಹುಭಾಗ ಬಾಕಾ ಕುಟುಂಬದ ಪಾಲಾಯಿತು. ಮುಂದೆ ಕೈ ಬದಲಾದಂತೆಲ್ಲ ಕುರಿ ಮಂದೆಗಳು, ದನಗಳು, ಮರ ಕಡಿಯುವ ಕೊಡಲಿಗಳು ಇಲ್ಲಿಗೆ ನುಗ್ಗಿದವು. 1963ರಲ್ಲಿ ಇದನ್ನು ಕೊಂಡ ಟೆಕ್ಸಾಸಿನ ಉದ್ಯಮಿ ಪ್ಯಾಟ್ರಿಕ್ ಡನಿಗನ್ ಮೇವಿನ ಒತ್ತಡ ತಗ್ಗಿಸಿದರು; ಮರ ಕಡಿತ ನಿಲ್ಲಿಸಲು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಶತಮಾನಕ್ಕೂ ಮಿಕ್ಕಿದ ಖಾಸಗಿ ಒಡೆತನದಲ್ಲಿ ನೆಲ ಸಾಕಷ್ಟು ಸವೆದಿತ್ತು, ನಿಜ. ಆದರೆ ಅದು ನಿವೇಶನಗಳಾಗಿ ಹರಿದು ಹಂಚಿಹೋಗಿರಲಿಲ್ಲ. ಆ ಅಖಂಡತೆಯೇ ಮುಂದಿನ ಸಂರಕ್ಷಣೆಗೆ ಬುನಾದಿಯಾಯಿತು.

2000ದ ಜುಲೈನಲ್ಲಿ, ಈ ನೆಲದ ಖರೀದಿಗೆಂದು ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾಯ್ದೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದರು. ಸುಮಾರು 10.1 ಕೋಟಿ ಡಾಲರ್ ತೆತ್ತು ಸರ್ಕಾರ ಈ ಎಸ್ಟೇಟನ್ನು ಕೊಂಡಿತು. 89,000 ಎಕರೆಯಷ್ಟು ವಿಶಾಲ ಭೂಮಿ ಪ್ರಜೆಗಳ ಸ್ವತ್ತಾಯಿತು. ಆರಂಭದಲ್ಲಿ ಟ್ರಸ್ಟ್ ಒಂದು ನಿರ್ವಹಿಸುತ್ತಿದ್ದ ಈ ಸಂರಕ್ಷಿತ ಪ್ರದೇಶ 2015ರಿಂದ ರಾಷ್ಟ್ರೀಯ ಉದ್ಯಾನ ಸೇವೆಯ ಸುಪರ್ದಿಯಲ್ಲಿದೆ.

2011ರ ಲಾಸ್ ಕೊಂಚಾಸ್ ಕಾಳ್ಗಿಚ್ಚು ಇಲ್ಲಿನ ವಿಶಾಲ ಅರಣ್ಯವನ್ನು ಸುಟ್ಟಿತು. ಒತ್ತೊತ್ತಾಗಿ ಬೆಳೆದ ಸಣ್ಣ ಮರಗಳನ್ನು ತೆಳುಗೊಳಿಸುವ, ನಿಯಂತ್ರಿತವಾಗಿ ಬೆಂಕಿ ಹಚ್ಚುವ, ತೊರೆ ಮತ್ತು ಜೌಗುನೆಲಗಳಿಗೆ ಮರುಜೀವ ನೀಡುವ ಕಾರ್ಯಗಳು ಈಗ ನಡೆದಿವೆ. ಕುಳಿಯ ಅಂಚಿನಿಂದ ನದಿಯ ಪಾತ್ರದವರೆಗೆ ಬಹುತೇಕ ನೆಲ ಒಂದೇ ಆಡಳಿತದಡಿ ಇರುವುದರಿಂದಲೇ ಬೆಂಕಿ, ನೀರು, ವನ್ಯಜೀವಿಗಳನ್ನು ಒಟ್ಟಾಗಿ ನೋಡಿಕೊಳ್ಳುವ ಇಂಥ ಸಮಗ್ರ ಚಿಕಿತ್ಸೆ ಸಾಧ್ಯವಾಗಿದೆ. ಒಂದು ಮಹಾಜ್ವಾಲಾಮುಖಿಯನ್ನು ತುಂಡರಿಸದೆ ಮುಂದಿನ ಪೀಳಿಗೆಗೆ ದಾಟಿಸಿದ ಈ ಖರೀದಿ, ಅಮೆರಿಕದ ಪ್ರಕೃತಿ ಸಂರಕ್ಷಣೆಯ ಇತಿಹಾಸದಲ್ಲಿ ದೂರದೃಷ್ಟಿಯ ನಿರ್ಧಾರವಾಗಿ ನಿಲ್ಲುತ್ತದೆ.