ಪದವಿನ ನೀಲಿ ಹೂ

ಉಡುಪಿ, ಮಂಗಳೂರುಗಳ ಸುತ್ತಣ ಮುರಕಲ್ಲಿನ ಬಯಲು ಗುಡ್ಡಗಳಿಗೆ ಪದವು ಎಂದು ಹೆಸರು. ಚೈತ್ರ ವೈಶಾಖಗಳಲ್ಲಿ ಅವುಗಳ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಅಸಾಧ್ಯ; ಸುಟ್ಟ ಹುಲ್ಲಿನ ಹೊರತು ಬೇರೇನೂ ಕಾಣಿಸದು. ಪಾಳುನೆಲವೆಂದು ಜನ ಅದನ್ನು ಹಳಿಯುವುದು ಸಹಜವೇ. ಅಂತಹ ಒಂದು ಪದವನ್ನು ನಾವು ಭಾದ್ರಪದದ ಬೆಳಿಗ್ಗೆ ಹತ್ತಿ ನೋಡಿದಾಗ, ನೀರು ನಿಂತ ತಗ್ಗುಗಳಲ್ಲೆಲ್ಲ ನೀಲಿ ಹೂಗಳು ಒತ್ತಾಗಿ ಅರಳಿದ್ದುವು.

ಸಸ್ಯಶಾಸ್ತ್ರಜ್ಞರು ಇದನ್ನು ಯುಟ್ರಿಕ್ಯುಲೇರಿಯ ರೆಟಿಕ್ಯುಲೇಟ ಎನ್ನುವರು. ಮೊದಲ ಪದಕ್ಕೆ ಚೀಲವುಳ್ಳದ್ದೆಂದೂ ಎರಡನೆಯದಕ್ಕೆ ಬಲೆಯಂತಹ ಗೆರೆಗಳುಳ್ಳದ್ದೆಂದೂ ಅರ್ಥ. ಗೆರೆಗಳು ಹೂವಿನ ಕೆಳತುಟಿಯ ಮೇಲಿವೆ. ತೆಳುವಾದ ದಂಟು ಹಲವೊಮ್ಮೆ ಪಕ್ಕದ ಹುಲ್ಲುಕಡ್ಡಿಗೆ ಸುತ್ತಿಕೊಂಡು ನಿಲ್ಲುತ್ತದೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಬೆಳೆಯುವ ಇದರ ಬಂಧುವನ್ನು ಮರಾಠಿಗರು ಸೀತೆಯ ಕಣ್ಣೀರು ಎಂದು ಕರೆಯುತ್ತಾರೆ. ನಮ್ಮ ಕಡೆ ಅಷ್ಟು ಚೆಲುವಾದ ಹೆಸರು ನಮ್ಮ ಕಿವಿಗೆ ಬೀಳಲಿಲ್ಲ.

ಚೀಲಗಳೆಲ್ಲಿ? ಒಂದೇ ಒಂದು ಗಿಡವನ್ನು ಹೆಂಟೆಯೊಡನೆ ಎತ್ತಿ, ತಟ್ಟೆಯ ನೀರಿನಲ್ಲಿ ಮೆಲ್ಲಗೆ ತೊಳೆದೆವು. ನಿಜವಾದ ಬೇರು ಇದಕ್ಕಿಲ್ಲ. ಕೂದಲಿನಂತಹ ಎಳೆಗಳ ಮೇಲೆ ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳು ಭೂತಗನ್ನಡಿಯಲ್ಲಿ ತೋರಿದುವು. ಪ್ರತಿಯೊಂದು ಗುಳ್ಳೆಯೂ ಒಂದು ಬೋನು. ಅದರ ಗೋಡೆಯು ಒಳಗಿನ ನೀರನ್ನು ಹೊರಕ್ಕೆ ಸಾಗಿಸುವುದರಿಂದ ಒಳಗೆ ಒತ್ತಡ ತಗ್ಗಿರುತ್ತದೆ. ಸೂಕ್ಷ್ಮಪ್ರಾಣಿಯೊಂದು ಬಾಯಿಯ ಕದವನ್ನು ತಾಕಿತೆಂದರೆ ಕದ ಒಳಕ್ಕೆ ಬಾಗಿ, ನೀರಿನೊಡನೆ ಪ್ರಾಣಿಯೂ ಒಳಸೇರುವುದು. ಜಲವಾಸಿ ಜಾತಿಗಳಲ್ಲಿ ಇದೆಲ್ಲ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲುಗಳೊಳಗೆ ಮುಗಿಯುವುದೆಂದು ಅಳೆದು ಕಂಡುಕೊಂಡಿದ್ದಾರೆ. 1875ರಲ್ಲಿ ಕೀಟಾಹಾರಿ ಸಸ್ಯಗಳ ಗ್ರಂಥವನ್ನು ಪ್ರಕಟಿಸಿದ ಡಾರ್ವಿನನೇ, ಪ್ರಾಣಿ ತಲೆಯಿಂದ ಕದವನ್ನು ನೂಕಿಕೊಂಡು ಹೋಗುವುದೆಂದು ಭಾವಿಸಿದ್ದನು!

ಹಸಿರೆಲೆಯುಳ್ಳ ಗಿಡಕ್ಕೆ ಬೇಟೆಯೇಕೆ ಬೇಕಾಯಿತು? ಉತ್ತರ ಕಾಲ ಕೆಳಗಣ ಕಲ್ಲಿನಲ್ಲಿದೆ. ಯುಗಾಂತರಗಳ ಮಳೆಗೆ ಕರಗುವ ಲವಣಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳು ಹೆಚ್ಚಾಗಿ ಉಳಿದದ್ದೇ ಮುರಕಲ್ಲು. ಅದರ ಮೇಲಣ ತೆಳುಮಣ್ಣಿನಲ್ಲಿ ಸಾರಜನಕ, ರಂಜಕಗಳು ಅತ್ಯಲ್ಪ. ಆ ಕೊರತೆಯನ್ನು ಬೇಟೆ ತುಂಬಿಕೊಡುತ್ತದೆ.

ವಿದ್ಯಾರ್ಥಿಗಳು ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಈ ಬಡತನವೇ ಗಿಡಕ್ಕೆ ರಕ್ಷೆ. ಗೊಬ್ಬರಮಣ್ಣು ಹರಡಿ ಪದವನ್ನು 'ಸುಧಾರಿಸಿದರೆ' ಎತ್ತರದ ಹುಲ್ಲು, ಪೊದೆಗಳು ಬೇಗ ಬೆಳೆದು ಬೆಳಕನ್ನು ಮುಚ್ಚಿಬಿಡುವುವು. ಅವುಗಳೊಡನೆ ಹೋರಾಡುವ ಶಕ್ತಿ ಈ ಕುಳ್ಳನಿಗಿಲ್ಲ. ಅದಕ್ಕೆ ಬೇಕಾದುದು ಬಿಸಿಲು, ಬಡಮಣ್ಣು, ಮತ್ತು ಬೀಜ ಕಟ್ಟುವವರೆಗೆ ನಿಲ್ಲುವ ಅಂಗುಲದಷ್ಟು ನೀರು. ಮಳೆ ತೀರಿ ತಗ್ಗು ಒಣಗಿದರೆ ಗಿಡವೂ ಒಣಗುತ್ತದೆ; ಧೂಳಿನಂತಹ ಬೀಜಗಳು ಮುಂದಿನ ಮಳೆಯನ್ನು ಕಾಯುತ್ತವೆ.

ನಾವು ಹೋಗಿದ್ದ ಪದವಿನ ತೆಂಕಣ ಅಂಚಿನಲ್ಲಿ ಮನೆ ಕಟ್ಟುವ ಕಲ್ಲಿಗಾಗಿ ಕೋರೆ ತೋಡಿದ್ದರು. ಆಳವಾದ ಹೊಂಡದ ತುಂಬ ಕೆಂಪು ನೀರಿತ್ತು. ಕೋರೆ ಕೊಯ್ದ ಕಡೆಗೆ ಮೇಲಣ ತಗ್ಗುಗಳ ನೀರೆಲ್ಲ ಬಸಿದುಹೋಗಿ, ಭಾದ್ರಪದದಲ್ಲೂ ಅವು ಒಣಗಿದ್ದುವು. ಅಲ್ಲಿ ಒಂದು ಹೂವೂ ನಮಗೆ ಸಿಕ್ಕಲಿಲ್ಲ.