ಮೀಠಿ ನದಿಯ ದಡದಲ್ಲಿ: ಪರಿಸರ ಅಧ್ಯಯನದ ಗುಂಪು ಯೋಜನೆ ಮತ್ತು ವಿದ್ಯಾರ್ಥಿಯ ಕಲಿಕೆ

ಪದವಿ ತರಗತಿಗಳಲ್ಲಿ ಬೋಧಿಸಲಾಗುವ ವಿಷಯಗಳ ಪೈಕಿ ಪರಿಸರ ಅಧ್ಯಯನದ ಸ್ಥಾನ ವಿಶಿಷ್ಟವಾದುದು. ಕಲೆ, ವಿಜ್ಞಾನ, ವಾಣಿಜ್ಯ ಎಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ವಿಷಯವಿದು. ಎಲ್ಲರೂ ಓದಬೇಕಾದುದರಿಂದಲೇ ಯಾರಿಗೂ ಮುಖ್ಯವಾಗದೆ ಉಳಿಯುವ ಅಪಾಯವೂ ಇದಕ್ಕಿದೆ. ಈ ಅಪಾಯದಿಂದ ವಿಷಯವನ್ನು ಕಾಪಾಡಬಲ್ಲ ಅಂಗವೆಂದರೆ ಗುಂಪಾಗಿ ಮಾಡುವ ಕ್ಷೇತ್ರಕಾರ್ಯ. ಮುಂಬಯಿಯಂತಹ ಮಹಾನಗರದಲ್ಲಿ ಇಂತಹ ಕಾರ್ಯವು ವಿದ್ಯಾರ್ಥಿಗೆ ಏನನ್ನು ಕಲಿಸುತ್ತದೆ, ಅದರಲ್ಲಿ ಭಾಷೆಯ ಪಾತ್ರವೇನು ಎಂಬುದನ್ನು ಮೀಠಿ ನದಿಯ ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ಎಂ. ಸಿ. ಮೆಹ್ತಾ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ಆದೇಶದಿಂದ ಪರಿಸರ ಶಿಕ್ಷಣವು ಕಡ್ಡಾಯ ವಿಷಯವಾಗುವ ದಾರಿ ತೆರೆಯಿತು. ಆದೇಶ ಜಾರಿಗೆ ಬರಲು ದಶಕವೇ ಹಿಡಿಯಿತು. ಪ್ರೊ. ಎರಾಕ್ ಭರೂಚಾ ಅವರ ಅಧ್ಯಕ್ಷತೆಯ ಸಮಿತಿಯ ನೆರವಿನಿಂದ ವಿಶ್ವವಿದ್ಯಾಲಯ ಅನುದಾನ ಆಯೋಗವು 2003ರ ವೇಳೆಗೆ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯಕ್ರಮವೊಂದನ್ನು ರೂಪಿಸಿತು. ಎಂಟು ಘಟಕಗಳ ಈ ಪಠ್ಯದಲ್ಲಿ ಒಟ್ಟು 50 ಉಪನ್ಯಾಸಗಳು. ಕೊನೆಯ ಘಟಕ ಕ್ಷೇತ್ರಕಾರ್ಯ. ನದಿ, ಕಾಡು, ಬೆಟ್ಟ ಮುಂತಾದ ಸ್ಥಳೀಯ ಸಂಪತ್ತಿನ ದಾಖಲೆ, ಮಲಿನಗೊಂಡ ಒಂದು ಸ್ಥಳದ ಭೇಟಿ, ಸಾಮಾನ್ಯ ಸಸ್ಯ, ಕೀಟ ಮತ್ತು ಪಕ್ಷಿಗಳ ಪರಿಚಯ ಇವು ಅದರಲ್ಲಿ ಅಡಕವಾಗಿದ್ದವು. ಇದಕ್ಕೆ ದೊರೆತ ಕಾಲ ಐದು ಉಪನ್ಯಾಸಗಳಷ್ಟು. ಅಂಕಗಳು ಮಾತ್ರ ನೂರಕ್ಕೆ 25. ಹತ್ತನೆಯ ಒಂದು ಪಾಲು ಸಮಯಕ್ಕೆ ನಾಲ್ಕನೆಯ ಒಂದು ಪಾಲು ಅಂಕಗಳನ್ನು ಕೊಟ್ಟಿರುವುದು ಕ್ಷೇತ್ರಕಾರ್ಯದ ತೂಕವನ್ನು ಸೂಚಿಸುತ್ತದೆ.

ಊರನ್ನೇ ಪಠ್ಯವಾಗಿಸುವ ಈ ಕ್ರಮ ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೊಸದಲ್ಲ. 1919ರಲ್ಲಿ ಇಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪೀಠವನ್ನು ಅಲಂಕರಿಸಿದ ಪ್ಯಾಟ್ರಿಕ್ ಗೆಡ್ಡಿಸ್ ಅವರು, ಯೋಜನೆಗೆ ಮೊದಲು ಸಮೀಕ್ಷೆ ನಡೆಯಬೇಕು, ಸಮೀಕ್ಷೆಗೆ ಮೊದಲು ಕಾಲ್ನಡಿಗೆಯಲ್ಲಿ ಪ್ರದೇಶದ ಪರಿಚಯವಾಗಬೇಕು ಎಂಬ ನಿಲುವಿನವರು. ಬೆಟ್ಟದಿಂದ ಕಡಲಿನವರೆಗಿನ ನದೀಕಣಿವೆಯನ್ನು ಅಖಂಡವಾಗಿ ನೋಡಿದಾಗಲೇ ಅಲ್ಲಿನ ವೃತ್ತಿ, ವಸತಿ ಮತ್ತು ಬದುಕು ಅರ್ಥವಾಗುತ್ತವೆ ಎಂಬುದು ಅವರ ಚಿಂತನೆಯ ತಿರುಳು. ಕನ್ನಡದ ಓದುಗನಿಗೆ ಈ ಸಂದರ್ಭದಲ್ಲಿ ನೆನಪಾಗುವ ಕೃತಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1976ರಲ್ಲಿ ಪ್ರಕಟವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯ ಬೆನ್ನೆಲುಬು ವಿದ್ಯಾರ್ಥಿಗಳೊಡನೆ ಕೈಗೊಂಡ ಸಸ್ಯಾನ್ವೇಷಣೆಯ ಪ್ರವಾಸ. ಗುಂಪಿನೊಡನೆ ನಡೆದು ಕಲಿಯುವ ವಿಜ್ಞಾನವು ಸಾಹಿತ್ಯವೂ ಆಗಬಲ್ಲುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

2. ಕ್ಷೇತ್ರ

ಮುಂಬಯಿಯ ವಿದ್ಯಾರ್ಥಿ ಗುಂಪುಗಳಿಗೆ ಅಧ್ಯಯನದ ಸ್ಥಳಗಳ ಕೊರತೆಯಿಲ್ಲ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಠಾಣೆ ಖಾಡಿಯ ಕಾಂಡ್ಲಾ ಕಾಡು, 1927ರಿಂದ ಕಸವನ್ನು ತುಂಬಿಕೊಳ್ಳುತ್ತ ಬಂದ ದೇವನಾರ್, ಇವೆಲ್ಲ ನಗರದ ಒಳಗೇ ಇವೆ. ಆದರೆ ಕಾಡು, ಕೆರೆ, ಕಾರ್ಖಾನೆ, ವಸತಿ, ಅಳಿವೆ ಇವಿಷ್ಟನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ತೋರಿಸುವ ಸ್ಥಳ ಮೀಠಿ ನದಿ.

1860ರಲ್ಲಿ ನಗರಕ್ಕೆ ಕುಡಿಯುವ ನೀರು ಒದಗಿಸಲೆಂದು ಕಟ್ಟಿದ ವಿಹಾರ್ ಕೆರೆಯ ಕೋಡಿ ನೀರು ಮೀಠಿಯ ಮೂಲ. ಪವಾಯಿ ಕೆರೆಯ ಕೋಡಿಯೂ ಅದಕ್ಕೆ ಸೇರುತ್ತದೆ. ಸುಮಾರು 18 ಕಿಲೋಮೀಟರ್ ಉದ್ದದ ಈ ನದಿ ಆರೆ ಪ್ರದೇಶ, ಮರೋಳ, ಸಾಕಿನಾಕಾಗಳ ಮೂಲಕ ಸಾಗಿ, ವಿಮಾನ ನಿಲ್ದಾಣದ ಬಳಿ ತನ್ನ ಸಹಜ ಪಾತ್ರವನ್ನು ಬಿಟ್ಟು ತಿರುವುಗಳನ್ನು ತೆಗೆದುಕೊಂಡು, ಕುರ್ಲಾ, ಬಾಂದ್ರಾ–ಕುರ್ಲಾ ಸಂಕೀರ್ಣ ಮತ್ತು ಧಾರಾವಿಗಳನ್ನು ದಾಟಿ ಮಾಹಿಮ್ ಖಾಡಿಯಲ್ಲಿ ಕಡಲನ್ನು ಕೂಡುತ್ತದೆ. ವಾಕೋಲಾ ನಾಲಾ ಇದರ ಉಪಹೊಳೆ. ಕಲಿನಾದ ವಿದ್ಯಾನಗರಿಯೂ ಇದೇ ನದಿಯ ಜಲಾನಯನ ಪ್ರದೇಶದಲ್ಲಿದೆ. ವಿಶ್ವವಿದ್ಯಾಲಯದ ಅಂಗಳದಲ್ಲಿ ಬಿದ್ದ ಮಳೆಯೂ ಕೊನೆಗೆ ಸೇರುವುದು ಮೀಠಿಯನ್ನೇ.

2005ರ ಜುಲೈ 26ರವರೆಗೆ ನಗರದ ಬಹುಜನರಿಗೆ ಇದೊಂದು ನದಿಯೆಂಬ ಅರಿವು ಇರಲಿಲ್ಲ. ಅಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಕಡಲಿನ ಉಬ್ಬರವೂ ಸೇರಿಕೊಂಡು ನದಿ ದಡ ಮೀರಿತು. ನಗರದಲ್ಲೇ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದರ ಮುಂದಿನ ತಿಂಗಳು ಮೀಠಿ ನದಿಯ ಅಭಿವೃದ್ಧಿ ಮತ್ತು ಸಂರಕ್ಷಣೆಗೆಂದು ಪ್ರಾಧಿಕಾರವೊಂದು ರಚಿತವಾಯಿತು. ನದಿಯನ್ನು ನದಿಯೆಂದು ಗುರುತಿಸಲು ನಗರವು ಕೊಡಬೇಕಾಗಿ ಬಂದ ಬೆಲೆ ಇಷ್ಟು.

3. ಅಳತೆಯ ಪಾಠ

ಕ್ಷೇತ್ರಕಾರ್ಯದ ಮೊದಲ ಪಾಠ ಅಳತೆಗೆ ಸಂಬಂಧಿಸಿದ್ದು. ನೀರು ಕಪ್ಪಾಗಿದೆ, ನಾರುತ್ತದೆ ಎಂಬುದು ಅನುಭವ. ಅದು ಇನ್ನೂ ಜ್ಞಾನವಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಎಂದು ಕೇಳಿದಾಗ ಅನುಭವವು ಪರೀಕ್ಷೆಗೆ ಒಳಗಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ಸಿಹಿನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ಸ್ನಾನಯೋಗ್ಯ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ನಿಯಮ. ವಿಂಕ್ಲರ್ ವಿಧಾನದಲ್ಲಿ ಮಾದರಿಯನ್ನು ಸಂಗ್ರಹಿಸಿದ ಕೂಡಲೇ ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಬೆರೆಸಬೇಕು. ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಕೂಡುತ್ತದೆ. ಇಲ್ಲವಾದರೆ ಅದು ಬೆಳ್ಳಗೇ ಉಳಿಯುತ್ತದೆ. ಮೇಲ್ಹರಿವಿನ ಸೀಸೆಯಲ್ಲಿ ಕಂದು, ಕೆಳಹರಿವಿನ ಸೀಸೆಯಲ್ಲಿ ಬಿಳಿ ಎಂದು ಕಂಡ ವಿದ್ಯಾರ್ಥಿಗೆ ನದಿಯ ಸಾವು ಎಂಬ ಮಾತು ಅಲಂಕಾರವಾಗಿ ಉಳಿಯುವುದಿಲ್ಲ.

ಎರಡನೆಯದಾಗಿ, ಅಳತೆಗೆ ಸ್ಥಳ ಮತ್ತು ಕಾಲದ ಗುರುತು ಬೇಕು. ಮಾಹಿಮ್ ಬಳಿ ಉಬ್ಬರದ ವೇಳೆಯಲ್ಲಿ ತುಂಬಿದ ನೀರು ಬಹುಪಾಲು ಕಡಲಿನದು. ಇಳಿತದ ವೇಳೆಯ ನೀರು ನಗರದ್ದು. ಗಳಿಗೆಯನ್ನು ಬರೆದಿಡದ ಅಂಕಿ ಯಾವ ನೀರನ್ನು ಕುರಿತದ್ದೆಂದು ಯಾರೂ ಹೇಳಲಾರರು. ಇದಕ್ಕೆ ನಗರದ ಚರಿತ್ರೆಯಲ್ಲಿಯೇ ದೊಡ್ಡ ದೃಷ್ಟಾಂತವಿದೆ. 2005ರ ಅದೇ ದಿನ ಸಾಂತಾಕ್ರೂಜಿನಿಂದ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ದೂರದ ಕೊಲಾಬಾ ವೀಕ್ಷಣಾಲಯದಲ್ಲಿ ಬಿದ್ದ ಮಳೆ ಸುಮಾರು 73 ಮಿಲಿಮೀಟರ್ ಮಾತ್ರ. ಎರಡೂ ಅಂಕಿಗಳು ಸತ್ಯ. ಆದರೆ ಕೊಲಾಬಾದ ಅಂಕಿಯನ್ನಷ್ಟೇ ನೋಡಿದವನಿಗೆ ಉಪನಗರ ಮುಳುಗಿದ್ದು ತಿಳಿಯುತ್ತಿರಲಿಲ್ಲ. ಒಂದೇ ಬಿಂದುವಿನ ಅಳತೆಯಿಂದ ಇಡೀ ನಗರವನ್ನು ಕುರಿತು ತೀರ್ಪು ನೀಡಬಾರದೆಂಬ ಎಚ್ಚರ ಇಲ್ಲಿಂದ ಹುಟ್ಟುತ್ತದೆ.

4. ಗುಂಪಿನ ಪಾಠ

ಗುಂಪು ಅನಿವಾರ್ಯವಾಗುವುದು ಇಲ್ಲಿಯೇ. ವಿಹಾರದಿಂದ ಮಾಹಿಮಿನವರೆಗಿನ ಐದಾರು ಬಿಂದುಗಳಲ್ಲಿ ಒಂದೇ ವೇಳೆಗೆ ಮಾದರಿ ಸಂಗ್ರಹಿಸುವುದು ಒಬ್ಬನಿಂದ ಆಗದ ಕೆಲಸ. ಸಾಕಿನಾಕಾದಲ್ಲಿ ನಿಂತವನಿಗೆ ಕಾಣುವುದು ಒಂದು ಗಟಾರ. ಆರೆಯಲ್ಲಿ ನಿಂತವಳಿಗೆ ಕಾಣುವುದು ಒಂದು ತೊರೆ. ಮಾಹಿಮಿನಲ್ಲಿ ನಿಂತವರಿಗೆ ಒಂದು ಅಳಿವೆ. ಎಲ್ಲರ ಅಂಕಿಗಳನ್ನು ಒಂದು ಹಾಳೆಯ ಮೇಲೆ ಕ್ರಮವಾಗಿ ಬರೆದಾಗ ಮಾತ್ರ ನದಿಯೊಂದು ಗೋಚರಿಸುತ್ತದೆ. ಮೀಠಿಯ ಅಧ್ಯಯನದ ಮುಖ್ಯ ತಾತ್ಪರ್ಯವಿದು: ನದಿಯ ಸಮಗ್ರತೆ ಒಬ್ಬೊಬ್ಬರ ಕಣ್ಣಿಗೆ ಬೀಳುವುದಿಲ್ಲ, ಕೂಡಿಸಿದ ನೋಟಕ್ಕೆ ಬೀಳುತ್ತದೆ.

ಕೂಡಿಸುವುದು ಸುಲಭವಲ್ಲ. ಒಬ್ಬರು ಮೇಲ್ಮೈ ನೀರನ್ನೂ ಇನ್ನೊಬ್ಬರು ಆಳದ ನೀರನ್ನೂ ತುಂಬಿ ತಂದರೆ ಹೋಲಿಕೆ ವ್ಯರ್ಥ. ಆದುದರಿಂದ ಸೀಸೆಯನ್ನು ಮುಳುಗಿಸುವ ಬಗೆಯಿಂದ ಹಿಡಿದು ದಾಖಲೆಯ ನಮೂನೆಯವರೆಗೆ ಮೊದಲೇ ಒಪ್ಪಂದವಾಗಬೇಕು. ಜೈವಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಯನ್ನು ಭಾರತದಲ್ಲಿ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇರಿಸಿ ಮಾಡುವ ಪದ್ಧತಿಯಿದೆ. ಗುರುವಾರ ತಂದ ಮಾದರಿಯನ್ನು ಭಾನುವಾರ ಪರೀಕ್ಷಿಸಬೇಕು. ಆ ಭಾನುವಾರ ಪ್ರಯೋಗಾಲಯಕ್ಕೆ ಯಾರು ಬರಬೇಕೆಂಬ ಪ್ರಶ್ನೆಯಲ್ಲಿ ಗುಂಪಿನ ನೈತಿಕತೆಯ ಪರೀಕ್ಷೆಯೂ ಅಡಗಿದೆ. ಬಾರದೆ ಹೋದವನಿಂದ ನಷ್ಟವಾಗುವುದು ಒಂದು ಅಂಕಿಯಲ್ಲ, ಎಲ್ಲರ ಶ್ರಮ. ತಪ್ಪಿದ ಅಂಕಿಯ ಸ್ಥಾನದಲ್ಲಿ ಊಹೆಯ ಅಂಕಿಯನ್ನು ತುಂಬದೆ ಖಾಲಿ ಬಿಡುವ ಧೈರ್ಯವನ್ನು ಗುಂಪು ತೋರಿದರೆ, ಅದು ಶೈಕ್ಷಣಿಕವಾಗಿ ದೊಡ್ಡ ಗಳಿಕೆ.

5. ಜನರ ಪಾಠ

ದಡದ ಜನರೊಡನೆ ಮಾತನಾಡುವುದು ಕ್ಷೇತ್ರಕಾರ್ಯದ ಸೂಕ್ಷ್ಮ ಭಾಗ. ಮುಂಬಯಿಯ ಜೋಪಡಪಟ್ಟಿಗಳಲ್ಲಿ ‘ಸರ್ವೆ’ ಎಂಬುದು ಮುಗ್ಧ ಪದವಲ್ಲ. ನಿಗದಿತ ದಿನಾಂಕಕ್ಕೆ ಮೊದಲು ಅಲ್ಲಿ ವಾಸವಿದ್ದುದಕ್ಕೆ ಪುರಾವೆಯಿದ್ದವರಿಗೆ ಪುನರ್ವಸತಿ, ಇಲ್ಲದವರಿಗೆ ತೆರವು ಎಂಬ ನಿಯಮದ ನಡುವೆ ಬದುಕುವವರು ಅವರು. ಪ್ರವಾಹದ ನಂತರ ನದಿಯನ್ನು ಅಗಲಗೊಳಿಸುವಾಗ ದಡದ ಸಾವಿರಾರು ಕಟ್ಟಡಗಳು ತೆರವಾದದ್ದು ಅವರಿಗೆ ನೆನಪಿದೆ. ಪುಸ್ತಕ ಹಿಡಿದು ಬಂದ ವಿದ್ಯಾರ್ಥಿಯನ್ನು ಮಹಾನಗರಪಾಲಿಕೆಯವನೇ ಎಂದು ಅವರು ಶಂಕಿಸಿದರೆ ಆಶ್ಚರ್ಯವಿಲ್ಲ. ತಾನು ಯಾರು, ಏಕೆ ಬಂದೆ, ಹೇಳಿದ್ದನ್ನು ಏನು ಮಾಡುವೆ ಎಂಬುದನ್ನು ಪ್ರಶ್ನೆ ಕೇಳುವ ಮೊದಲೇ ತಿಳಿಸಬೇಕೆಂಬ ಸಂಶೋಧನೆಯ ಶೀಲವನ್ನು ವಿದ್ಯಾರ್ಥಿ ಇಲ್ಲಿ ಕಲಿಯುತ್ತಾನೆ.

ನದಿಯನ್ನು ಕೆಡಿಸಿದವರು ದಡದವರೇ ಎಂಬ ಪೂರ್ವಗ್ರಹವೂ ಇಲ್ಲಿ ಕರಗುತ್ತದೆ. ಒಳಚರಂಡಿಯ ಜಾಲಕ್ಕೆ ಸೇರದ ವಸತಿಗಳ ಕೊಳಚೆ, ಪೀಪಾಯಿ ತೊಳೆಯುವ ಕಸುಬುಗಳು, ಗುಜರಿ ಮಳಿಗೆಗಳು, ದನದ ತಬೇಲಾಗಳು, ಜೌಗು ಭೂಮಿಯನ್ನು ಮುಚ್ಚಿ ಎಬ್ಬಿಸಿದ ಕಟ್ಟಡಗಳು, ಇವೆಲ್ಲದರ ಪಾಲು ಅದರಲ್ಲಿದೆ. ಪ್ರವಾಹದ ಹೊಡೆತ ಮಾತ್ರ ಮೊದಲು ತಾಗುವುದು ದಡದವರನ್ನು. ಇದೇ ದಡದಲ್ಲಿ ಆಶಾದಾಯಕ ನಿದರ್ಶನವೂ ಇದೆ. ಧಾರಾವಿಯ ಪಕ್ಕದಲ್ಲಿ ಹಿಂದೆ ಕಸ ಸುರಿಯುತ್ತಿದ್ದ ಸ್ಥಳವನ್ನು ಸಸಿ ನೆಟ್ಟು ಬೆಳೆಸಿ, 1994ರಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನವೆಂದು ಸಾರ್ವಜನಿಕರಿಗೆ ತೆರೆಯಲಾಯಿತು. ಕೆಟ್ಟ ನೆಲವನ್ನು ಸರಿಪಡಿಸಬಹುದೆಂಬುದಕ್ಕೆ ವಿದ್ಯಾರ್ಥಿಗೆ ಪುಸ್ತಕದ ಆಧಾರ ಬೇಕಿಲ್ಲ.

6. ಪದಗಳ ಪಾಠ

ಕನ್ನಡದ ವಿದ್ಯಾರ್ಥಿಗೆ ಈ ಯೋಜನೆ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಕನ್ನಡದಲ್ಲಿ ನಾಲೆಯೆಂದರೆ ಜೀವನಾಡಿ. ಕಾವೇರಿಯ ನೀರನ್ನು ಮಂಡ್ಯದ ಗದ್ದೆಗಳಿಗೆ ಒಯ್ಯುವ ವಿಶ್ವೇಶ್ವರಯ್ಯ ನಾಲೆಯ ಚಿತ್ರ ಆ ಪದದ ಹಿಂದಿದೆ. ಮುಂಬಯಿಯ ಮಾತಿನಲ್ಲಿ ನಾಲಾ ಎಂದರೆ ಕೊಳಚೆಯ ಕಾಲುವೆ. ನದಿಯನ್ನು ನಾಲಾ ಎಂದು ಕರೆದ ಕೂಡಲೇ ಅದರಲ್ಲಿ ಕಸ ಹಾಕಲು ಭಾಷೆಯೇ ಅನುಮತಿ ಕೊಟ್ಟಂತಾಗುತ್ತದೆ. ಹಿಂದಿಯಲ್ಲಿ ಮೀಠಿ ಎಂದರೆ ಸಿಹಿ. ಮರಾಠಿಯಲ್ಲಿ ಮೀಠ ಎಂದರೆ ಉಪ್ಪು. ಕೆರೆಯ ಸಿಹಿನೀರಿನಿಂದ ಹೊರಟು ಉಪ್ಪುನೀರಿನಲ್ಲಿ ಕೊನೆಗೊಳ್ಳುವ ನದಿಗೆ ಎರಡೂ ಸಲ್ಲುತ್ತವೆ. ಕುರ್ಲಾ ಎಂಬ ಹೆಸರಿನಲ್ಲಿ ಏಡಿಯನ್ನು ಸೂಚಿಸುವ ಕುರ್ಲಿ ಎಂಬ ಪದವಿದೆಯೆಂದು ಹೇಳುತ್ತಾರೆ; ಕೊಂಕಣಿ ಬಲ್ಲ ಕರಾವಳಿಯ ಕನ್ನಡಿಗನಿಗೆ ಆ ಪದ ಅಪರಿಚಿತವಲ್ಲ. ಏಡಿಗಳು ಹೋದರೂ ಸ್ಥಳನಾಮ ಸಾಕ್ಷಿ ನುಡಿಯುತ್ತಿದೆ.

ಕರಾವಳಿಯ ಕನ್ನಡದಲ್ಲಿ ಅಳಿವೆ, ಗಜನಿ, ಕಾಂಡ್ಲಾ, ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಮುಂತಾದ ಪದಗಳು ಅಘನಾಶಿನಿಯಂತಹ ನದಿಗಳ ದಡದಲ್ಲಿ ಇಂದಿಗೂ ಬಳಕೆಯಲ್ಲಿವೆ. ಮರಾಠಿಯ ಕಾಂದಳವನವೂ ಕನ್ನಡದ ಕಾಂಡ್ಲಾವೂ ಒಂದೇ ಕರಾವಳಿಯ ಒಂದೇ ಗಿಡವನ್ನು ಹೆಸರಿಸುತ್ತವೆ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕುಟುಂಬಗಳ ಹಿರಿಯರಲ್ಲಿ ಈ ಪದಗಳಿವೆ. ಇಂಗ್ಲಿಷಿನಲ್ಲಿ ವರದಿ ಬರೆಯುವ ಮೊಮ್ಮಕ್ಕಳಲ್ಲಿ ಇಲ್ಲ. ಪದ ಹೋದಾಗ ಅದರೊಡನೆ ಒಂದು ಬಗೆಯ ನೋಟವೂ ಹೋಗುತ್ತದೆ. ವರದಿಯ ಕೊನೆಗೆ ಬಹುಭಾಷಿಕ ಪದಪಟ್ಟಿಯೊಂದನ್ನು ಸೇರಿಸುವುದು, ಹಿರಿಯರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸುವುದು ಕನ್ನಡ ವಿದ್ಯಾರ್ಥಿಯು ವಿಜ್ಞಾನದ ಗುಂಪಿಗೆ ಸಲ್ಲಿಸಬಹುದಾದ ಸ್ವಂತ ಕಾಣಿಕೆ.

7. ಸಮಾರೋಪ

ಒಟ್ಟಿನಲ್ಲಿ ಅಳತೆಯಲ್ಲಿ ನಿಷ್ಠೆ, ಸಹಪಾಠಿಗಳಲ್ಲಿ ಹೊಣೆ, ಜನರ ಮುಂದೆ ವಿನಯ, ಪದಗಳಲ್ಲಿ ಎಚ್ಚರ ಎಂಬ ನಾಲ್ಕು ಗುಣಗಳನ್ನು ಈ ಗುಂಪು ಯೋಜನೆ ಬೆಳೆಸಬಲ್ಲುದು. ಆದರೆ ಇದು ತಾನಾಗಿ ಆಗುವುದಿಲ್ಲ. ತರಗತಿಗಳು ದೊಡ್ಡವು, ಅವಧಿ ಕಿರಿದು. ಹಿಂದಿನ ವರ್ಷದ ಕಡತವನ್ನು ನಕಲು ಮಾಡಿ, ಸಿದ್ಧ ಚಿತ್ರಗಳನ್ನು ಅಂಟಿಸಿ ಒಪ್ಪಿಸುವ ಪ್ರಲೋಭನೆ ಎಲ್ಲೆಡೆಯೂ ಇದೆ. ಹಾಗೆ ಒಪ್ಪಿಸಿದ ಯೋಜನೆಗೆ ಅಂಕ ದೊರೆಯಬಹುದು; ವಿದ್ಯಾರ್ಥಿಗೆ ನದಿ ದೊರೆಯುವುದಿಲ್ಲ. ಐವತ್ತು ಉಪನ್ಯಾಸಗಳಲ್ಲಿ ಐದರಷ್ಟು ಕಾಲ ಮಾತ್ರ ವಿದ್ಯಾರ್ಥಿ ತಾನು ಬದುಕುವ ನೆಲಕ್ಕೆ ಮುಖಾಮುಖಿಯಾಗುವುದಾದರೆ, ಆ ಐದನ್ನು ಉಳಿಸಿಕೊಳ್ಳುವುದು ಅಧ್ಯಾಪಕರ ಮೊದಲ ಕರ್ತವ್ಯ. ನಗರವೊಂದು ತನ್ನ ನದಿಯನ್ನು ಮರೆತರೆ ಏನಾಗುತ್ತದೆಂಬುದನ್ನು ಮುಂಬಯಿ 2005ರಲ್ಲಿ ಕಂಡಿದೆ. ಮುಂದಿನ ಮಳೆಗಾಲಗಳಲ್ಲಿ ಈ ಮರೆವು ಮರುಕಳಿಸಬಾರದಾದರೆ, ನದಿಯ ಉದ್ದಕ್ಕೂ ನಡೆದು, ಅಳೆದು, ಹೆಸರಿಸಿ ಬರೆದಿಟ್ಟ ವಿದ್ಯಾರ್ಥಿಗಳು ಪ್ರತಿ ವರ್ಷವೂ ಹೊರಬರುತ್ತಿರಬೇಕು.